ತಲೆಕೆಳಗಾದ ಎರಡು ಸಾಲು

ಕಾಮ್‌ಚನ್ ಊರಿನಿಂದ ನಮ್ಮ ಪ್ಯೋ ಮನೆತನದ ದೊಡ್ಡಮನೆಗೆ ಸೊಸೆಯಾಗಿ ಬಂದ ದಿನದಿಂದ ದೊಡ್ಡಮ್ಮನನ್ನು ಎಲ್ಲರೂ ತವರೂರಿನ ಹೆಸರಿನಿಂದಲೇ ಕರೆದರು. ಎಪ್ಪತ್ತಮೂರನೇ ವಯಸ್ಸಿನಲ್ಲಿ ಆಸ್ಪತ್ರೆಯ ನರ್ಸ್ "ಇಮ್ ಪಿಲ್-ನ್ಯೋ ಯಾರು?" ಎಂದು ಕೂಗಿದಾಗ ದೊಡ್ಡಮ್ಮನೂ ಯಾರಿರಬಹುದೆಂದು ಸುತ್ತ ನೋಡಿದಳಂತೆ.

ಮೊಣಕಾಲು ಸವೆದಿದೆ, ಇನ್ನು ಮೇಲೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೆ ನಮ್ಮಲ್ಲಿ ವರ್ಷಕ್ಕೆ ಹನ್ನೆರಡು ಪಿತೃಪೂಜೆ, ಪ್ರತಿ ಪೂಜೆಗೂ ನಲವತ್ತು ಬಗೆಯ ಅಡುಗೆ. ಐವತ್ಮೂರು ವರ್ಷದಿಂದ ದೊಡ್ಡಮ್ಮ ನೆಲದ ಮೇಲೆ ಬಾಣಲೆ ಇಟ್ಟುಕೊಂಡು ಮೀನು, ಕುಂಬಳಕಾಯಿ, ತೋಫು ಕರಿಯುತ್ತಿದ್ದಳು. ಗಂಡಸರ ಭಕ್ತಿಯೂ ಕಡಿಮೆಯದಲ್ಲ: ಕುದುರೆಕೂದಲಿನ ಟೋಪಿ ಹಾಕಿಕೊಂಡು ಅಡ್ಡಬೀಳುತ್ತಿದ್ದರು, ಎದ್ದ ಮೇಲೆ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು.

ಮನೆತನದ ಹಿರಿಯ, ಗಂಡನ ಚಿಕ್ಕಪ್ಪ ಗ್ಯು-ಹಾನ್ ಅವರನ್ನು ದೊಡ್ಡಮ್ಮ ಕೇಳಿಯೇಬಿಟ್ಟಳು.

"ಮಾವ, ಹತ್ತು ಬಗೆಗೆ ಇಳಿಸೋಣ. ಕೂತ್ರೆ ಏಳಕ್ಕಾಗ್ತಿಲ್ಲ."

"ಮಹಾರಾಣಿ ಪತ್ರ ಬಂದ ಮನೆ ಕಣಮ್ಮ ಇದು! ನಮ್ಮ ಪಿತೃಭಕ್ತಿ ಅರಮನೆಯೇ ಮೆಚ್ಚಿದ್ದು. ನಿನ್ನ ಮೊಣಕಾಲಿಗೋಸ್ಕರ ಅದನ್ನ ಬಿಡೋದಾ?"

ಆ ಪತ್ರ ನಡುಮನೆಯಲ್ಲಿ ಹಿತ್ತಾಳೆ ಚೌಕಟ್ಟಿನೊಳಗಿತ್ತು. ಅರಸರ ಕಾಲದಲ್ಲಿ ಈ ಮನೆಗೆ ಸೊಸೆಯಾಗಿ ಬಂದಿದ್ದ ತನ್ನ ತಮ್ಮನ ಮಗಳಿಗೆ ರಾಣಿ ಬರೆದದ್ದು. ಚೀನೀ ಅಕ್ಷರಗಳನ್ನು ಅರೆದು ಕುಡಿದ ನಮ್ಮ ಹಿರಿಯರಿಗೆ ಅರಮನೆಯ ಹೆಂಗಸರು ಒಂದಕ್ಕೊಂದು ಹೆಣೆದಂತೆ ಬರೆಯುತ್ತಿದ್ದ ನಮ್ಮದೇ ಲಿಪಿಯ ಹಳೇ ಬರಹ ಓದಲು ಬರುತ್ತಿರಲಿಲ್ಲ. 'ಹೆಂಗಸರ ಅಕ್ಷರ' ಎಂದು ಮೂಗು ಮುರಿಯುತ್ತಲೇ ಅದಕ್ಕೆ ಅಡ್ಡಬೀಳುತ್ತಿದ್ದರು. ಮೊದಲ ಸಾಲಿನಲ್ಲಿ ಹೊಗಳಿಕೆಯಿದೆ ಎಂದು ಯಾರೋ ಹೇಳಿದ್ದರು, ಅಷ್ಟು ಸಾಕಾಗಿತ್ತು.

ಕಳೆದ ಶರತ್ಕಾಲದಲ್ಲಿ ಅದನ್ನು ಪ್ರಾಂತ್ಯದ ಸಾಂಸ್ಕೃತಿಕ ನಿಧಿಯಾಗಿ ಘೋಷಿಸಬೇಕೆಂದು ಗ್ಯು-ಹಾನ್ ಅರ್ಜಿ ಹಾಕಿದರು. ಬಾಗಿಲಲ್ಲಿ ನೆಡಲು ಫಲಕದ ಕಲ್ಲನ್ನೂ ಆಗಲೇ ಕೆತ್ತಿಸಿದ್ದರು. ಪರಿಶೀಲನೆಗೆ ಬಂದ ಮೊಕ್ ದಾ-ಯುನ್ ಎಂಬ ಅಧಿಕಾರಿ ಚೌಕಟ್ಟು ಬಿಚ್ಚಿ ಪತ್ರವನ್ನು ಮೇಜಿನ ಮೇಲಿಟ್ಟಳು. ಹಿತ್ತಾಳೆಯ ಅಡಿಯಲ್ಲಿ ಮುಚ್ಚಿಹೋಗಿದ್ದ ಮೇಲಂಚಿನಲ್ಲಿ ಕಪ್ಪಗೆ ಏನೋ ಹರಿದಾಡಿದಂತಿತ್ತು.

"ಹುಳ ಹಿಡಿದಿರಬೇಕು. ಕತ್ತರಿಸಿಬಿಡಿ," ಎಂದರು ಗ್ಯು-ಹಾನ್.

ಅಕ್ಕಿಯ ಸಿಹಿಪಾನಕದ ತಟ್ಟೆ ಹಿಡಿದು ಮೇಜಿನ ಆಚೆ ಬದಿಯಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ಮಾತ್ರ ಅದು ನೆಟ್ಟಗೆ ಕಾಣಿಸಿತು. ಅಜ್ಜಿ ಅದೇ ಬರಹದಲ್ಲಿ ಬರೆದಿಟ್ಟ ಹಾಡಿನ ಸುರುಳಿಗಳನ್ನು ನಕಲು ಮಾಡುತ್ತಾ ಬೆಳೆದವಳಿಗೆ ಆ ಅಕ್ಷರ ಹೊಸದಲ್ಲ. ತಟ್ಟೆ ಕೆಳಗಿಡದೆಯೇ ಓದಿದಳು:

"'ಹೆತ್ತು ತಿಂಗಳೂ ತುಂಬದ ನಿನ್ನನ್ನು ನಲವತ್ತು ಬಗೆ ಮಾಡಲು ಕೂರಿಸುವುದು ಭಕ್ತಿಯಲ್ಲ. ಅನ್ನ, ಸಾರು, ಒಂದು ಒಣಮೀನು ಸಾಕು. ನಾನು ಹೇಳಿದೆನೆಂದು ನಿನ್ನ ಮಾವನಿಗೆ ಹೇಳು.'"

ದಾ-ಯುನ್ ಹಿಗ್ಗಿದಳು. "ಹೌದು, ಕಾಗದ ಮುಗಿದ್ರೆ ತಿರುಗಿಸ್ಕೊಂಡು ಅಂಚಲ್ಲಿ ಬರೀತಿದ್ರು! ಓದಿದವರ ಹೆಸರು ಬರ್ಕೋಬೇಕು. ನಿಮ್ಮ ಹೆಸರೇನಮ್ಮ?"

"ಇಮ್ ಪಿಲ್-ನ್ಯೋ." ಈ ಸಲ ಅವಳು ಸುತ್ತ ನೋಡಲಿಲ್ಲ.

"ಅಂಚು ಬೇಡ ಬಿಡಿ, ನಡುವಿನದು ಸಾಕು," ಎಂದು ಗ್ಯು-ಹಾನ್ ಕೆಮ್ಮಿದರು.

"ಅಂಚು ಬಿಟ್ರೆ ಅರ್ಜಿ ತಗೊಳಲ್ಲ ಅಜ್ಜಾ."

"ಅದು ಆ ವರ್ಷದ ಮಟ್ಟಿಗೆ ಹೇಳಿದ್ದು ಕಣಮ್ಮ..."

"ಮೆಚ್ಚಿದ್ದೂ ಆ ವರ್ಷದ ಮಟ್ಟಿಗೇ ಅಲ್ವಾ ಮಾವ?" ಎಂದಳು ದೊಡ್ಡಮ್ಮ.

ಗ್ಯು-ಹಾನ್ ಕಿಟಕಿಯಾಚೆ ಒರಗಿಸಿಟ್ಟಿದ್ದ ಕಲ್ಲನ್ನು ನೋಡಿದರು. ಆಮೇಲೆ ಪತ್ರವನ್ನು ಅಂಚು ಸಮೇತ ದಾ-ಯುನ್ ಕಡೆ ಸರಿಸಿದರು.

ಹತ್ತನೇ ತಿಂಗಳ ಪೂಜೆಗೆ ಅನ್ನ, ಸಾರು, ಒಂದು ಒಣಮೀನು ಬಂತು. ಟೋಪಿಗಳೆಲ್ಲ ಆ ಮೀನಿನ ಮುಂದೆ ಬಾಗಿದವು. ಎದ್ದ ಮೇಲೆ ಗ್ಯು-ಹಾನ್ ಸಾರು ಗುಟುಕರಿಸಿ ಅಡುಗೆಮನೆಯ ಕಡೆ ಕತ್ತು ಚಾಚಿದರು. ದೊಡ್ಡಮ್ಮ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಳು.

"ಏನ್ ಹುಡುಕ್ತಿದೀರಾ ಮಾವ? ಉಪ್ಪಾ? ಅದ್ರ ಬಗ್ಗೆ ರಾಣಿಯಮ್ಮ ಏನೂ ಬರ್ದಿಲ್ವಲ್ಲ."