ತೂಬಿನ ಮೇಲೆ ಕೂತವನು

ವರ್ತೂರಿನ ಚಿಕ್ಕಮುನಿಯಪ್ಪ ಹಟಕ್ಕೆ ಬಿದ್ದರೆ ದೇವರೇ ಬಂದರೂ ಕದಲುವ ಆಸಾಮಿಯಲ್ಲ. ನೀರುಗಂಟಿ ಮನೆತನ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸವಾಗಿತ್ತು. ಒಮ್ಮೆ ಊರಿನ ದೊಡ್ಡ ಜಮೀನುದಾರ ಆಳುಗಳನ್ನು ಕಟ್ಟಿಕೊಂಡು ಬಂದು, ಸರದಿ ತಪ್ಪಿಸಿ ತನಗೆ ನೀರು ಬಿಡೆಂದು ಗದರಿದ. ಚಿಕ್ಕಮುನಿಯಪ್ಪ ತೂಬಿನ ಕಲ್ಲಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. ಬೈದರು, ಎಳೆದರು, ಏಳಲಿಲ್ಲ. ಈಗ ಆ ಗದ್ದೆಗಳ ಮೇಲೆ ಅಪಾರ್ಟ್‌ಮೆಂಟುಗಳಿವೆ, ಕೆರೆಯಲ್ಲಿ ನೊರೆಯಿದೆ. ಹಟ ಮಾತ್ರ ಹಾಗೇ ಇದೆ.

ಆ ಹಟವೇ ಅವನ ಬಲಗಣ್ಣನ್ನು ತಿಂದಿತು. ಕಣ್ಣೊಳಗೆ ನೀರಿನ ಒತ್ತಡ ಹೆಚ್ಚಿದೆ, ಹನಿ ಔಷಧಿ ಒಂದು ದಿನವೂ ತಪ್ಪಬಾರದು ಎಂದಿದ್ದರು ಡಾಕ್ಟರು. ಇವನೋ, ಗದ್ದೆ ನೋಡಿ ತೂಬು ತೆಗೆದು ಮುಚ್ಚಿದ ಅಭ್ಯಾಸದವನು, ಕಣ್ಣು ಭಾರವಾದ ದಿನ ಹನಿ ಹಾಕಿಕೊಂಡ, ಹಗುರವಾದ ದಿನ ಬಿಟ್ಟ. ನೋವಿಲ್ಲದೆ, ಸದ್ದಿಲ್ಲದೆ ಒಂದು ಕಣ್ಣು ಕತ್ತಲಾಯಿತು. ಈಗ ಎಡಗಣ್ಣಿನ ಅಂಚೂ ಮಸುಕಾಗಿದೆ.

"ಕೆರೇನೇ ವೋಯ್ತು, ನೀರುಗಂಟಿಗಿನ್ನ ಕಣ್ಯಾಕ್ಲಾ?" ಎಂದು ಪಕ್ಕದ ಮನೆಯ ನಲ್ಲಪ್ಪ ನಕ್ಕ. ಚಿಕ್ಕಮುನಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಹನಿಯ ಸೀಸೆ ಹಿಡಿದು ನೇರ ತನ್ನ ಮನೆಯ ಮಹಡಿ ಹತ್ತಿ, ಬಾಡಿಗೆಗಿದ್ದ ಮೇಘಾಳ ಬಾಗಿಲು ಬಡಿದ. ವೈಟ್‌ಫೀಲ್ಡಿನ ಲ್ಯಾಬೊಂದರಲ್ಲಿ ಕಣ್ಣಿನ ಜೀವಕೋಶಗಳ ಮೇಲೆ ಕೆಲಸ ಮಾಡುವ ದಾವಣಗೆರೆಯ ಹುಡುಗಿ ಅವಳು.

"ಈ ಅನಿ ಒಳಿಕ್ಕೋಗಿ ಅದೇನ್ ಕಿಸೀತದೆ, ಯೇಳವ್ವಾ!"

"ಕಣ್ಣಲ್ಲಿ ನೀರು ಮಾಡೋ ಕೋಶಗಳಿದಾವೆ ತಾತ. ಅವಕ್ಕೆ ಸಣ್ಣ ಸಣ್ಣ ಬಾಗಿಲು. ಅಲ್ಲಿಂದ ಉಪ್ಪಿನ ಕಣ ಹೊರಟ್ರೆ ನೀರು ಅದರ ಹಿಂದೇನೇ ಹೋಗುತ್ತೆ. ನರಗಳು ಒಂದು ರಾಸಾಯನಿಕ ಕಳ್ಸಿ, ಬಾಗ್ಲು ಇನ್ನೂ ತೆಗೀರಿ ಅಂತಾವೆ. ಅದು ಬಂದು ಕೂರೋ ಜಾಗದಲ್ಲಿ ನಿಮ್ಮ ಔಷಧಿ ಮೊದ್ಲೇ ಹೋಗಿ ಕೂತ್ಬಿಡುತ್ತೆ. ಹುಕುಂ ಒಳಗೆ ತಲುಪಲ್ಲ, ನೀರು ಕಮ್ಮಿಯಾಗುತ್ತೆ, ಒತ್ತಡ ಇಳಿಯುತ್ತೆ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. "ನಾನ್ ತೂಬಿನ ಮ್ಯಾಲೆ ಕುಂತಂಗೆ?"

ಆ ಕಥೆಯನ್ನು ಮೇಘಾ ಹತ್ತಾರು ಸಲ ಕೇಳಿದ್ದಳು. "ಹೂಂ, ಹಂಗೇ. ಆದ್ರೆ ಔಷಧಿ ದಿನಾ ಕರಗಿ ಹೋಗುತ್ತೆ. ನೀವು ಹನಿ ತಪ್ಪಿಸಿದ್ರೆ ಕಲ್ಲು ಖಾಲಿ."

"ವೋಗಿರೋ ಕಣ್ಣು?"

"ಅದು ಬರಲ್ಲ ತಾತ."

ಕಾವಲಿಗೆ ಕೂತವನನ್ನು ತಾನೇ ಎಬ್ಬಿಸಿ ಕಳಿಸಿದೆನಲ್ಲ ಎಂದು ಚಿಕ್ಕಮುನಿಯಪ್ಪನಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಇರುವುದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದುಕೊಂಡು ಮೆಟ್ಟಿಲಿಳಿದ.

ಸಂಜೆ ಮಗಳು ವೇಣಿ ಹನಿ ಹಾಕಲು ಬಂದರೆ ಸೀಸೆಯನ್ನು ಅವಳ ಕೈಯಿಂದ ಕಿತ್ತುಕೊಂಡ. ನಲ್ಲಪ್ಪನಿಗೆ ಕಾಣಲೆಂದೇ ಜಗಲಿಯಲ್ಲಿ ಕೂತು, ಮುಖ ಮೇಲೆತ್ತಿ, ಎಡಗಣ್ಣಿಗೆ ಹನಿ ಬಿಟ್ಟುಕೊಂಡು ಬೀದಿಗೆಲ್ಲ ಕೇಳುವಂತೆ ಹೇಳಿದ:

"ಕುಂತ್ಕೊ ಮಗಾ. ಯಾವನ್ ಬಂದ್ರೂ ಏಳ್ಬ್ಯಾಡ."