ಚೀಲ ಹಿಡಿಯುವ ಬಹುಮಾನ

ನಾನು ಹುಡುಗರ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಈ ಮಾತನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ಮಾತು ಸುಳ್ಳಲ್ಲ. ಆದರೆ ಹೇಳುವಾಗೆಲ್ಲ ಒಬ್ಬ ಹುಡುಗನ ಮುಖ ಕಣ್ಣ ಮುಂದೆ ಬರುತ್ತದೆ, ನಾಚಿಕೆಯಾಗುತ್ತದೆ. ನಾಚಿಕೆಯಾದರೂ ಹೇಳುವುದನ್ನು ಬಿಟ್ಟಿಲ್ಲ ನೋಡಿ, ಅಂಥ ಗಿರಾಕಿ ನಾನು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿದ್ದ ಕಾಲ. ಹಾವೇರಿಯ ಹೊರಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ, ಒಂದು ಟ್ರಸ್ಟಿನವರು ಬಾಡಿಗೆ ಮನೆಯಲ್ಲಿ ಸಣ್ಣದೊಂದು ರಿಮ್ಯಾಂಡ್ ಹೋಂ ನಡೆಸುತ್ತಿದ್ದರು. ಕಳವು, ಹೊಡೆದಾಟ ಎಂದು ಪೊಲೀಸರ ಕೈಗೆ ಸಿಕ್ಕ ಹುಡುಗರನ್ನು ಬಾಲನ್ಯಾಯ ಮಂಡಳಿ ಏನಾದರೊಂದು ತೀರ್ಮಾನ ಮಾಡುವವರೆಗೆ ಅಲ್ಲಿ ಇಡುತ್ತಿದ್ದರು. ಈಗ ಆ ಟ್ರಸ್ಟೂ ಇಲ್ಲ, ಆ ಮನೆಯೂ ಇಲ್ಲ. ನಾನು ಅಲ್ಲಿ ಮೇಲ್ವಿಚಾರಕನಾಗಿದ್ದೆ. ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ನನಗಿಂತ ಮೊದಲು ಇದ್ದವರದು ಬೆತ್ತದ ಆಡಳಿತ. ನಾನು ಬಂದ ವಾರವೇ ಆ ಬೆತ್ತವನ್ನು ಅಡಿಗೆಯಾಕೆಗೆ ಕೊಟ್ಟು ಒಲೆಗೆ ಹಾಕಿಸಿದೆ. ಹುಡುಗರೆಲ್ಲ ಸಾಲಾಗಿ ನಿಂತು ನೋಡಿದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದು ಈಗಲೂ ನೆನಪಿದೆ, ಏನೋ ದೊಡ್ಡ ರಾಜ್ಯ ಗೆದ್ದವನ ಹಾಗೆ.

ಬೆತ್ತದ ಬದಲಿಗೆ ನಾನು ಎರಡು ಪದ್ಧತಿ ತಂದೆ. ತಪ್ಪು ಮಾಡಿದವನು ಆ ದಿನ ಎಲ್ಲರ ಜೊತೆ ಊಟಕ್ಕೆ ಕೂರುವಂತಿಲ್ಲ. ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣಬೇಕು, ಅವನನ್ನು ಯಾರೂ ಮಾತಾಡಿಸಬಾರದು. ಇನ್ನು ವಾರವಿಡೀ ಚೆನ್ನಾಗಿ ನಡೆದುಕೊಂಡವನಿಗೆ ಬಹುಮಾನ: ನಾನು ಕಾಯಿಪಲ್ಲೆ ತರಲು ಹಾವೇರಿಯ ಮಾರ್ಕೆಟ್ಟಿಗೆ ಹೋಗುವಾಗ ನನ್ನ ಜೊತೆ ಚೀಲ ಹಿಡಿದುಕೊಂಡು ಬರುವುದು. ಪೊಲೀಸಪ್ಪ ಇಲ್ಲ, ಕೈಗೆ ಹಗ್ಗ ಇಲ್ಲ, ಎರಡು ತಾಸು ಊರೊಳಗೆ ಎಲ್ಲರಂತೆ ಓಡಾಟ. ನಿಯಮದ ಪುಸ್ತಕದಲ್ಲಿ ಇದಕ್ಕೆ ಜಾಗವಿರಲಿಲ್ಲ. ಟ್ರಸ್ಟಿನವರು ಬಾಯಿಮಾತಿನಲ್ಲಿ ಹೂಂ ಅಂದಿದ್ದರು, ಅಷ್ಟೇ.

ಆ ಚೀಲಕ್ಕೆ ಏನು ಪೈಪೋಟಿ ಅಂತೀರಿ. ಬದನೆಕಾಯಿ ಹೊರುವುದಕ್ಕೆ ಹುಡುಗರು ಬೆಳಗಿನ ಜಾವವೇ ಎದ್ದು ಅಂಗಳ ಗುಡಿಸಿದರು. ಬೈಗುಳ ನಿಂತವು. ನಾನು ಉಬ್ಬಿಹೋದೆ. ಅಡಿಗೆಯಾಕೆ ಮಾತ್ರ ಒಪ್ಪಲಿಲ್ಲ. ವಯಸ್ಸಾದ ಹೆಂಗಸು, ಬಾಯಿ ಜೋರು, ಹುಡುಗರೆಲ್ಲ ಅವಳನ್ನು ಅಕ್ಕಾ ಎನ್ನುತ್ತಿದ್ದರು.

"ಗ್ವಾಡಿ ಕಡೆ ಮಕಾ ಮಾಡಿ ಉಣ್ಣಾಕ ಕುಂದ್ರಸೋದು ಚಲೋ ಅಲ್ರಿ ಸರ," ಎಂದಳು ಒಮ್ಮೆ. "ಹುಡುಗ್ರ ಗಂಟಲದಾಗ ರೊಟ್ಟಿ ಇಳಿಯೂದಿಲ್ಲ. ಅದಕಿಂತ ಒಂದ್ ಏಟು ಹಾಕಿ ಬಿಟ್ಟಬಿಡ್ರಿ, ಅತ್ತು ಮರೀತಾವು."

"ನಿನಗ ತಿಳಿಯೂದಿಲ್ಲ, ಇದು ಮನಸ್ಸಿನ ಶಾಸ್ತ್ರ," ಎಂದೆ.

"ಹೌದ್ರಿ, ನಮಗೆಲ್ಲಿ ತಿಳೀಬೇಕು," ಎಂದು ಆಕೆ ರೊಟ್ಟಿ ತಟ್ಟುವುದಕ್ಕೆ ಹೋದಳು.

ಆ ಹುಡುಗ ಬಂದಿದ್ದು ದೀಪಾವಳಿ ಮುಗಿದ ಮೇಲೆ. ಕುಪ್ಪೇಲೂರಿನವನು, ಹತ್ತನೇ ತರಗತಿ. ತನಗಿಂತ ದೊಡ್ಡವರಿಬ್ಬರ ಜೊತೆ ಸೇರಿ ಯಾರದೋ ಹೊಲದ ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದಿದ್ದ. ದೊಡ್ಡವರು ಓಡಿದರು, ಇವನು ತಂತಿಯ ಸುರುಳಿ ಹೊತ್ತುಕೊಂಡಿದ್ದರಿಂದ ಸಿಕ್ಕಿಬಿದ್ದ. ತಂದೆ ಇಲ್ಲ. ತಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಕೂರುತ್ತಿದ್ದಳು.

ಅಂಥ ಹುಡುಗನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಸಣ್ಣವರಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಅಡಿಗೆಯಾಕೆಗೆ ನೀರು ಸೇದಿ ಕೊಡುತ್ತಿದ್ದ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಒಬ್ಬ ಚಿಕ್ಕವನಿದ್ದ. ಬೇರೆಯವರು ಏಳುವ ಮೊದಲೇ ಇವನು ಅವನ ಚಾದರ ಒಗೆದು ಹಾಕುತ್ತಿದ್ದ, ಅವನು ಗೋಡೆಯ ಕಡೆ ಕೂರಬಾರದು ಅಂತ. ಅದು ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇರುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ ಚೀಲ ಅವನ ಕೈಯಲ್ಲೇ ಕಾಯಂ ಆಯಿತು. ಮಾರ್ಕೆಟ್ಟಿನಲ್ಲಿ ನಾನು ಚಹಾ ಕುಡಿಯಲು ಹೋದರೂ ಅವನು ನಿಂತ ಜಾಗ ಬಿಟ್ಟು ಅಲುಗುತ್ತಿರಲಿಲ್ಲ. ನಾನು ಬೇಕೆಂದೇ ತಡಮಾಡಿ ಬರುತ್ತಿದ್ದೆ, ಇದ್ದಾನೋ ಇಲ್ಲವೋ ನೋಡಲು. ಇರುತ್ತಿದ್ದ.

ಅವನಿಗೆ ಬೇಕಾಗಿದ್ದು ಒಂದೇ. ಮಾರ್ಚಿನ ಪರೀಕ್ಷೆ ಬರೆಯಬೇಕು, ಪಾಸಾಗಿ ಐಟಿಐ ಸೇರಬೇಕು, ವೈರ್‌ಮನ್ ಆಗಬೇಕು. "ತಂತಿ ಕದ್ದಾಂವ ತಂತಿ ಎಳ್ಯಾಂವ ಆಗ್ತಾನಂತ ನೋಡ್ರಿ," ಎಂದು ಅಡಿಗೆಯಾಕೆ ಛೇಡಿಸಿದರೆ ನಾಚಿ ತಲೆ ತಗ್ಗಿಸುತ್ತಿದ್ದ. ಪುಸ್ತಕ ಮಾತ್ರ ಕೆಳಗಿಡುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಮಂಡಳಿಯಿಂದ ಪತ್ರ ಬಂತು. ತಾಯಿಯ ಜಾಮೀನಿನ ಮೇಲೆ ಹುಡುಗನನ್ನು ಮನೆಗೆ ಬಿಡಬಹುದೇ, ಅವನ ನಡತೆ ಹೇಗಿದೆ, ಮೇಲ್ವಿಚಾರಕರು ಬರೆದು ತಿಳಿಸಬೇಕು. ಬೇರೆ ಯಾರಾದರೂ ಆಗಿದ್ದರೆ ಎರಡು ಸಾಲು ಬರೆದು ಕಳಿಸುತ್ತಿದ್ದರು, ಹುಡುಗ ವಾರದೊಳಗೆ ಕುಪ್ಪೇಲೂರಿನ ಶಾಲೆಯಲ್ಲಿ ಇರುತ್ತಿದ್ದ.

ಅದೇ ವಾರ ಟ್ರಸ್ಟಿನವರು ಇನ್ನೊಂದು ಸುದ್ದಿ ಹೇಳಿದ್ದರು. ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆ, ಬೆತ್ತವಿಲ್ಲದ ನಮ್ಮ ಪದ್ಧತಿಯನ್ನು ನೋಡುತ್ತಾರೆ, ಮೆಚ್ಚಿದರೆ ಬೇರೆ ಕಡೆಗೂ ನನ್ನನ್ನು ಕರೆಸಿ ಹೇಳಿಸುತ್ತಾರೆ. ಬರುವುದು ಮಾರ್ಚ್ ಮೊದಲ ವಾರ. ನಾನು ಅವರಿಗೆ ಏನು ತೋರಿಸಲಿ? ಉಳಿದವರಲ್ಲಿ ಒಬ್ಬ ಹೋದ ವಾರವೇ ಕಿಟಕಿ ಒಡೆದಿದ್ದ, ಇನ್ನೊಬ್ಬ ನನ್ನ ಜೇಬಿನಿಂದಲೇ ಬೀಡಿ ಎಗರಿಸಿದ್ದ. ತೋರಿಸಲು ನನ್ನ ಹತ್ತಿರ ಇದ್ದದ್ದು ಇವನೊಬ್ಬ.

ನಾನು ಬರೆದ ಸಾಲು ಇದು: "ನಡತೆ ಸುಧಾರಿಸುತ್ತಿದೆ, ಆದರೂ ಇನ್ನೂ ಕೆಲವು ದಿನ ನಿಗಾದಲ್ಲಿ ಇಡುವುದು ಸೂಕ್ತ."

ಬರೆಯುವಾಗ ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ. ತಾಯಿ ಬ್ಯಾಡಗಿಯಲ್ಲಿದ್ದಾಳೆ, ಮನೆಯಲ್ಲಿ ಯಾರಿದ್ದಾರೆ, ಮತ್ತೆ ಆ ದೊಡ್ಡ ಹುಡುಗರ ಕೈಗೆ ಸಿಕ್ಕರೆ? ಸಾಹೇಬರು ಬಂದು ಹೋಗಲಿ, ಆಮೇಲೆ ಇನ್ನೊಂದು ಪತ್ರ ಬರೆದರಾಯಿತು, ಪರೀಕ್ಷೆಗೆ ಇನ್ನೂ ದಿನವಿದೆ. ಎಲ್ಲ ನೆಪ. ಚಪ್ಪಾಳೆ ಬೇಕಾಗಿತ್ತು ನನಗೆ.

ಮಂಡಳಿ ಸೇರಿದ ದಿನ ತಾಯಿ ಬಂದಿದ್ದಳು. ಮೆಣಸಿನಕಾಯಿಯ ಘಾಟು ಅವಳ ಸೀರೆಯಲ್ಲೇ ಇತ್ತು. ಹತ್ತಿರ ನಿಂತ ಗುಮಾಸ್ತ ಸೀನಿದ. ಮಂಡಳಿಯಲ್ಲಿದ್ದ ಮ್ಯಾಜಿಸ್ಟ್ರೇಟ್ ಮೇಡಂ ನನ್ನ ವರದಿಯನ್ನು ಮನಸ್ಸಿನಲ್ಲೇ ಓದಿ, ಕಾರಣ ಹೇಳದೆ ವಿಚಾರಣೆಯನ್ನು ಮಾರ್ಚ್ ಕೊನೆಗೆ ಮುಂದೂಡಿದರು. ಪರೀಕ್ಷೆ ಅದಕ್ಕೂ ಮೊದಲೇ ಶುರುವಾಗುತ್ತಿತ್ತು. ಹೊರಗೆ ಬಂದ ಮೇಲೆ ತಾಯಿ ನನ್ನನ್ನೇ ಹುಡುಕಿಕೊಂಡು ಬಂದಳು.

"ಯಾಕ ಬಿಡ್ಲಿಲ್ಲಂತ್ರಿ ಸರ? ನನ್ ಮಗ ಏನರ ಮಾಡ್ಯಾನೇನ್ರಿ ಅಲ್ಲಿ?"

"ಹಂಗೇನಿಲ್ಲವಾ. ಕೋರ್ಟಿನ ಕೆಲಸ ಹಂಗ ಇರ್ತಾವು."

"ನೀವು ಅದೀರಂತ ನನಗ ಧೈರ್ಯ ಐತ್ರಿ. ಅಂವ ಬರೇ ನಿಮ್ಮದ ಹೇಳ್ತಾನ್ರಿ. ಪರೀಕ್ಷಾ ಒಂದು ತಪ್ಪದಂಗ ನೋಡ್ಕೋರಿ, ನಿಮ್ಮ ಕಾಲು ಬೀಳ್ತೇನಿ," ಎಂದವಳು ಸೆರಗಿನ ಗಂಟು ಬಿಚ್ಚಿ ಮಗನಿಗೆ ಹತ್ತರ ಎರಡು ನೋಟು ಕೊಟ್ಟಳು.

ಅವಳು ಕೆಲಸ ಮಾಡುವ ಗೋದಾಮು ನಾನು ಬಸ್ಸಿಗೆ ಹೋಗುವ ದಾರಿಯಲ್ಲೇ ಇತ್ತು. ಮರುದಿನದಿಂದ ನಾನು ಸುತ್ತು ಹಾಕಿ ಹಿಂದಿನ ಓಣಿಯಲ್ಲಿ ಹೋಗತೊಡಗಿದೆ.

ಸಾಹೇಬರು ಬಂದರು. ಹೇಳಿದ ವಾರ ಅಲ್ಲ, ಹತ್ತು ದಿನ ತಡವಾಗಿ. ಹುಡುಗ ಬಿಳಿ ಅಂಗಿ ತೊಟ್ಟು, ಗೇಟಿನ ಬೀಗದ ಕೈಯನ್ನು ನನ್ನಿಂದ ಇಸಿದುಕೊಂಡು, ಬೀಗ ತೆಗೆದು, ಹೊರಗೆ ಹೋಗಿ ಚಹಾದ ಕೆಟಲು ತುಂಬಿಸಿಕೊಂಡು ಬಂದು, ಮತ್ತೆ ಬೀಗ ಹಾಕಿ ಬೀಗದ ಕೈ ನನಗೆ ಒಪ್ಪಿಸಿದ. ಸಾಹೇಬರು ಬೆರಗಾದರು. ತಮ್ಮ ಜೇಬಿನ ಪೆನ್ನು ತೆಗೆದು ಅವನಿಗೆ ಕೊಟ್ಟು, ಇನ್ನೇನು ಬೇಕಪ್ಪಾ ಎಂದು ಕೇಳಿದರು.

"ಪರೀಕ್ಷಾಕ ಕಳಸ್ರಿ ಸರ. ಮುಂದಿನ ಸೋಮವಾರ ಐತ್ರಿ."

ಸಾಹೇಬರು ನನ್ನ ಮುಖ ನೋಡಿದರು. "ಮಂಡಳಿ ಮುಂದೆ ಇದೆ ಸರ್, ನಾವು ಪ್ರಯತ್ನ ಮಾಡುತ್ತಿದ್ದೇವೆ," ಎಂದೆ. ಗುಡ್ ಗುಡ್ ಎಂದು ಅವರು ಕಾರು ಹತ್ತಿದರು.

ಇನ್ನೂ ನಾಲ್ಕು ದಿನ ಇತ್ತು. ಒಂದು ಪತ್ರ ಹಿಡಿದುಕೊಂಡು ಮೇಡಂ ಹತ್ತಿರ ಹೋಗಿ, ನನ್ನ ಮೊದಲಿನ ವರದಿ ಸರಿ ಇರಲಿಲ್ಲ ಎಂದಿದ್ದರೆ ಆಗುತ್ತಿತ್ತು. ಬಿಡದಿದ್ದರೂ ಪೊಲೀಸರ ಜೊತೆ ಕಳಿಸಿಯಾದರೂ ಪರೀಕ್ಷೆ ಬರೆಸುತ್ತಿದ್ದರು. ಆದರೆ ಯಾಕೆ ಸರಿ ಇರಲಿಲ್ಲ ಎಂದು ಕೇಳಿದರೆ? ಎರಡು ಸಲ ಪತ್ರ ಬರೆದೆ, ಎರಡು ಸಲ ಹರಿದೆ. ಹುಡುಗನಿಗೆ ಮಾತ್ರ, ಆಯ್ತಪಾ, ಪತ್ರ ಬರ್ಯಾಕತ್ತೇನಿ, ನೋಡೂಣು ಎನ್ನುತ್ತಲೇ ಇದ್ದೆ. ಅವನ ಸಮಾಧಾನಕ್ಕೆ ಆ ವಾರ ಎರಡು ಸಲ ಹೆಚ್ಚಿಗೆ ಮಾರ್ಕೆಟ್ಟಿಗೆ ಕರೆದೊಯ್ದೆ. ಪರೀಕ್ಷೆ ಕೇಳಿದವನಿಗೆ ಕಾಯಿಪಲ್ಲೆ ಚೀಲ ಕೊಟ್ಟ ಮನುಷ್ಯ ನಾನು.

ಸೋಮವಾರ ಬೆಳಿಗ್ಗೆ ಅವನು ತಾನಾಗಿಯೇ, "ಮಾರ್ಕೆಟ್ಟಿಗೆ ಹೋಗೂಣೇನ್ರಿ ಸರ?" ಎಂದ. ಹೊರಟೆವು. ಟೊಮೆಟೊ, ಮೆಂತೆಸೊಪ್ಪು, ಎರಡು ಕಿಲೊ ಬದನೆಕಾಯಿ. ನಾನು ಈರುಳ್ಳಿ ಆರಿಸಲು ಕುಕ್ಕರುಗಾಲಲ್ಲಿ ಕೂತೆ. ಎದ್ದು ನೋಡಿದರೆ ಚೀಲ ಅಂಗಡಿಯ ಕಂಬಕ್ಕೆ ಒರಗಿಸಿ ಇಟ್ಟಿತ್ತು, ಬೀಳದಂತೆ, ನೀಟಾಗಿ. ಹುಡುಗ ಇರಲಿಲ್ಲ.

ಎಲ್ಲಿಗೆ ಹೋಗಿದ್ದಾನೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಪೊಲೀಸರಿಗೆ ಹೇಳಲಿಲ್ಲ. ಅವನ ಮೇಲಿನ ಕರುಣೆಯಿಂದಲ್ಲ, ನನ್ನ ನೌಕರಿಯ ಹೆದರಿಕೆಯಿಂದ. ಚೀಲ ಹೊತ್ತುಕೊಂಡೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅವನ ಪರೀಕ್ಷಾ ಕೇಂದ್ರ ಅಲ್ಲಿನ ಒಂದು ಶಾಲೆ. ಅದನ್ನು ಅವನು ನನಗೆ ನೂರು ಸಲ ಹೇಳಿದ್ದ.

ನಾನು ಹೋಗುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಒಂದು ತಾಸಾಗಿತ್ತು. ಗೇಟು ಹಾಕಿತ್ತು. ಅದರ ಪಕ್ಕದಲ್ಲಿ, ಕಾಂಪೌಂಡಿನ ನೆರಳಿನಲ್ಲಿ ಅವನು ಕೂತಿದ್ದ. ಸಾಹೇಬರ ಪೆನ್ನು ಜೇಬಿನಲ್ಲಿತ್ತು. ಹಾಲ್ ಟಿಕೆಟ್ ಇಲ್ಲದವನನ್ನು ಒಳಗೆ ಬಿಟ್ಟಿರಲಿಲ್ಲ. ಅದು ಕುಪ್ಪೇಲೂರಿನಲ್ಲಿ ಹೆಡ್ಮಾಸ್ತರರ ಕಪಾಟಿನಲ್ಲಿತ್ತು. ಬರದ ಹುಡುಗನ ಹಾಲ್ ಟಿಕೆಟ್ ಅವರು ಯಾಕೆ ತಂದಾರು?

ಬೈಯಬೇಕೆಂದು ಬಾಯಿ ತೆರೆದೆ. ಅವನು ಎದ್ದು ಬಂದ, ಅಳುತ್ತಿರಲಿಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡ.

"ಇದನ್ ಹೊತಕೊಂಡು ಇಲ್ಲೀತನಕ ಬಂದ್ರೇನ್ರಿ ಸರ?" ಎಂದ. "ಭಾಳ ವಜ್ಜ ಐತಿ, ಕೊಡ್ರಿ."

ದಾರಿಯುದ್ದಕ್ಕೂ ಚೀಲ ಅವನ ತೊಡೆಯ ಮೇಲಿತ್ತು. ನನಗೆ ಅವನ ಕಡೆ ತಿರುಗಿ ನೋಡುವ ಮುಖವಿರಲಿಲ್ಲ.

ಮುಚ್ಚಿಡಲು ಆಗಲಿಲ್ಲ. ಶಾಲೆಯ ಬಾಗಿಲಲ್ಲಿದ್ದ ಪೊಲೀಸ್ ಅವನ ಹೆಸರು, ಊರು ಬರೆದುಕೊಂಡಿದ್ದ. ಸುದ್ದಿ ಹಾವೇರಿಗೆ ಬಂತು. ಮಂಡಳಿ ನನ್ನಿಂದ ಎರಡನೇ ವರದಿ ಕೇಳಿತು. "ಮಾರುಕಟ್ಟೆಯಿಂದ ತಪ್ಪಿಸಿಕೊಂಡು ಹೋದನು" ಎಂದು ಬರೆದೆ. ಎಲ್ಲಿಗೆ ಹೋದ ಎಂದೂ ಬರೆದೆ. ಯಾಕೆ ಹೋಗಬೇಕಾಯಿತು ಎಂದು ಬರೆಯಲಿಲ್ಲ. ಅಡಿಗೆಯಾಕೆ ನನ್ನ ಮೇಜಿನ ಮೇಲೆ ಚಹಾ ಇಟ್ಟು ಹಾಗೇ ನಿಂತಳು.

"ನೀವ ಏನೋ ಮಾಡೀರಿ ಸರ," ಎಂದಳು.

ಮಾರ್ಚ್ ಕೊನೆಗೆ ಮಂಡಳಿ ಸೇರಿತು. ತಾಯಿ ಮೂಲೆಯಲ್ಲಿ ನಿಂತಿದ್ದಳು. ಮೇಡಂ ಮೊದಲು ಹುಡುಗನನ್ನು ಕೇಳಿದರು, ನಿನ್ನನ್ನು ನಂಬಿ ಹೊರಗೆ ಕರೆದುಕೊಂಡು ಹೋದವರಿಗೆ ಹೀಗೆ ಮಾಡಬಹುದೇ ಎಂದು.

"ತಪ್ಪಾತ್ರಿ," ಎಂದ ಅವನು. "ಸರ್ರದು ಏನೂ ತಪ್ಪಿಲ್ರಿ. ಅವರು ಉಳ್ಳಾಗಡ್ಡಿ ಆರಸಾಕತ್ತಿದ್ರು, ನಾನ ಹೇಳದ ಹ್ವಾದ್ನಿ. ಅವರ ನೌಕರಿಗೆ ಏನೂ ಮಾಡಬ್ಯಾಡ್ರಿ. ನನ್ನ ಬಿಡಸಾಕ ಅವರು ಭಾಳ ಪತ್ರ ಬರದಾರ್ರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ನನ್ನ ಎರಡೂ ವರದಿಗಳನ್ನು ಮುಂದಿಟ್ಟುಕೊಂಡು ಓದಿದರು. ಹುಡುಗನನ್ನು ಬೇರೆ ಊರಿನ, ಎತ್ತರದ ಗೋಡೆಯ ದೊಡ್ಡ ಹೋಮಿಗೆ ಕಳಿಸುವ ಆದೇಶ ಬರೆಸಿದರು. ಆಮೇಲೆ ಮೊದಲನೆಯ ವರದಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ಅವರ ದನಿಯಲ್ಲಿ ಮೆಚ್ಚುಗೆಯಿತ್ತು.

"ಇನ್ನೂ ನಿಗಾ ಬೇಕು ಅಂತ ಫೆಬ್ರುವರಿಯಲ್ಲೇ ಬರೆದಿದ್ದೀರಲ್ಲ. ಈ ಹುಡುಗ ಹೀಗೆ ಮಾಡಬಹುದು ಅಂತ ನಿಮಗೆ ಆಗಲೇ ಅನ್ನಿಸಿತ್ತಾ?"

ಹುಡುಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಅಂಥದೊಂದು ಸಾಲು ಇದೆ ಎಂದು ಅವನು ಕೇಳಿದ್ದು ಅದೇ ಮೊದಲು.

"ಹೌದು ಮೇಡಂ," ಎಂದೆ.