ಆರು ಪ್ಲಗ್ಗು, ಹದಿನಾಲ್ಕು ಸೂಜಿ

ಪೆಟ್ರೋಲಿಗೆ ಕೂಪನ್ನು, ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಚೀಟಿ ಇದ್ದ ಯುದ್ಧದ ವರ್ಷಗಳವು. ಮುಳಬಾಗಿಲಿನಲ್ಲಿ ಆಗ ಕಾರಿದ್ದ ಮನೆಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕಾಗಿದ್ದವು. ಓಡುವ ಕಾರುಗಳಿಗೆ ಎರಡೇ ಬೆರಳು. ಆ ಎರಡರಲ್ಲಿ ಒಂದು ನಮ್ಮದು. ನಮ್ಮ ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅವರಿಗೆ ಹುಣಸೆಹಣ್ಣಿನ ಮಂಡಿ ಇತ್ತು. ಊರು ಬಿಟ್ಟು ಹೊರಟಿದ್ದ ಯಾರೋ ಬಿಳಿ ದೊರೆಯಿಂದ ಕೊಂಡಿದ್ದ ಆ ಹಳೆಯ ಕಾರಿನೊಳಗೆ ಕೂತರೆ ಸವೆದ ಚರ್ಮ, ಪೆಟ್ರೋಲು, ಹುಣಸೆ ಮೂರೂ ಕಲೆತ ವಾಸನೆ ಬರುತ್ತಿತ್ತು. ನನಗೆ ಹನ್ನೊಂದು ವರ್ಷ. ಕಾನ್ವೆಂಟಿನ ಹಾಸ್ಟೆಲ್ಲಿನಿಂದ ಬೇಸಿಗೆ ರಜೆಗೆ ಬಂದಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಅಜ್ಜಿಗೆ, ಅಂದರೆ ಅಣ್ಣನ ತಾಯಿಗೆ, ನಾಯಿ ಕಚ್ಚಿತು. ಅಜ್ಜಿಯೇ ದಿನವೂ ಮಿಕ್ಕ ಮುದ್ದೆ ಹಾಕಿ ಸಾಕಿದ್ದ ಬೀದಿನಾಯಿ. ಮುಂಗೈಗೆ ಬಾಯಿ ಹಾಕಿತು. ಮೂರನೆಯ ದಿನ ಮಂಡಿಯ ಹಿಂದೆ ನೊರೆ ಕಾರಿ ಸತ್ತು ಬಿದ್ದಿತ್ತು. ಕೋಲಾರದ ದೊಡ್ಡಾಸ್ಪತ್ರೆಯ ಡಾಕ್ಟರು ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಬೇಕೆಂದರು. ದಿನಕ್ಕೊಂದು, ಬೆಳಗ್ಗೆ ಹತ್ತರೊಳಗೆ, ಒಂದು ದಿನವೂ ತಪ್ಪುವ ಹಾಗಿಲ್ಲ. ತಪ್ಪಿದರೆ ಏನಾಗುತ್ತದೆಂದು ಅವರು ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾನು ಅಣ್ಣನ ಮುಖ ನೋಡಿಯೇ ತಿಳಿದುಕೊಂಡೆ.

ಕೋಲಾರದಲ್ಲೇ ಉಳಿದುಕೊಳ್ಳಲು ಅಜ್ಜಿ ಒಪ್ಪಲಿಲ್ಲ. ಅವರ ಮಡಿಗೆ ಆಸ್ಪತ್ರೆಯ ನೀರೂ ಆಗದು, ಪರರ ಮನೆಯ ಒಲೆಯೂ ಆಗದು. ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಇವತ್ತು ಬಂದರೆ ನಾಳೆ ಇಲ್ಲ, ಬಂದರೂ ಮಧ್ಯಾಹ್ನಕ್ಕೆ. ಹಾಗಾಗಿ ಅಣ್ಣ ಅಮಲ್ದಾರರ ಕಚೇರಿಗೆ ಅಲೆದು ಹೆಚ್ಚಿಗೆ ಕೂಪನ್ನು ತಂದು, ದಿನವೂ ಕಾರಿನಲ್ಲೇ ಕರೆದುಕೊಂಡು ಹೋಗಿಬರುತ್ತಿದ್ದರು. ಜೊತೆಗೆ ನಾನು, ಮಜ್ಜಿಗೆಯ ತಂಬಿಗೆ ಹಿಡಿಯಲು.

“ಆ ಡಾಕ್ಟ್ರು ನನ್ನ ಹೊಟ್ಟೇನ ಗೋಣಿಚೀಲ ಅನ್ಕೊಂಡಿದಾನೆ ಕಣೇ ವಿಶಾಲೂ,” ಎನ್ನುತ್ತಿದ್ದರು ಅಜ್ಜಿ, “ದಿನಾ ಒಂದೊಂದ್ ಹೊಲಿಗೆ ಹಾಕ್ತಾನೆ.”

ಎಂಟನೆಯ ಸೂಜಿ ಹಾಕಿಸಿಕೊಂಡು ಬರುವಾಗ ನರಸಿಂಹತೀರ್ಥದ ಹತ್ತಿರ ಕಾರು ಕೆಮ್ಮತೊಡಗಿತು. ಎರಡು ಹೆಜ್ಜೆ ಓಡುವುದು, ಮುಗ್ಗರಿಸುವುದು. ಬಾನೆಟ್ಟಿನ ಸಂದಿನಿಂದ ಸುಟ್ಟೆಣ್ಣೆಯ ಹೊಗೆ. ಹೇಗೋ ಮನೆಯ ಮುಂದಿನ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿ, ಅಣ್ಣ ದಸ್ತಗೀರ್ ಸಾಬರಿಗೆ ಹೇಳಿಕಳಿಸಿದರು. ಅವರು ತಗಡಿನ ಕೆಲಸದವರು. ಗ್ಯಾಸ್‌ಲೈಟು, ಹೊಲಿಗೆಯಂತ್ರ, ಕಾರು, ಎಲ್ಲಕ್ಕೂ ಊರಿಗೆ ಅವರೊಬ್ಬರೇ.

ಸಾಬರು ಬಾನೆಟ್ಟು ಎತ್ತಿ ಮೂಸಿದರು. “ಏನಿಲ್ಲ ಸ್ವಾಮಿ, ಮುಚ್ಚಳದ ಗ್ಯಾಸ್ಕೆಟ್ಟು ಹೋಗಿದೆ. ಪ್ಲಗ್ಗುಗಳೆಲ್ಲ ಎಣ್ಣೆಸ್ನಾನ ಮಾಡ್ತಾ ಕೂತಿದಾವೆ. ದೀಪಾವಳಿ ಅಂದ್ಕೊಂಡಿರಬೇಕು.”

ಇಂಜಿನ್ನಿನ ತಲೆಯ ಮೇಲೆ ಉದ್ದನೆಯ ತಗಡಿನ ಮುಚ್ಚಳವಿತ್ತು. ಅದಕ್ಕೂ ಇಂಜಿನ್ನಿಗೂ ನಡುವೆ ಎಣ್ಣೆ ಸೋರದಿರಲೆಂದು ಕೂರಿಸಿದ ಬೆಂಡಿನ ಪಟ್ಟಿ ಸುಟ್ಟು ಹಪ್ಪಳದಂತೆ ಒಡೆದಿತ್ತು. ಸೋರಿದ ಎಣ್ಣೆ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪಕ್ಕದ ಆರು ಪ್ಲಗ್ಗುಗಳ ಮೇಲೆ ಇಳಿದು, ಧೂಳು ಸೇರಿ, ಕಿಡಿಯನ್ನೇ ನುಂಗುತ್ತಿತ್ತು. ಪ್ಲಗ್ಗುಗಳೂ ಸವೆದಿದ್ದವು. ಯುದ್ಧಕ್ಕೆ ಮೊದಲೇ ಕೊಂಡಿಟ್ಟಿದ್ದ ಹೊಸ ಪ್ಲಗ್ಗುಗಳನ್ನು ಅಮ್ಮ ತನ್ನ ಪಟ್ಟೆಸೀರೆಯ ಟ್ರಂಕಿನಿಂದ ತೆಗೆದುಕೊಟ್ಟಳು. ಅವಕ್ಕೆ ನುಸಿಗುಳಿಗೆಯ ವಾಸನೆ. ಬೆಂಡಿನ ಹಾಳೆ ಮಾತ್ರ ಎಲ್ಲಿಂದ ತರುವುದು?

“ರಟ್ಟು ಇದ್ರೆ ಕೊಡಿ. ಅರಗು ಬಳಿದು ಕೂರಿಸ್ತೀನಿ,” ಎಂದರು ಸಾಬರು.

ನನ್ನ ಚಿತ್ರದ ಪುಸ್ತಕಗಳ ದಪ್ಪ ರಟ್ಟನ್ನೇ ಕೊಟ್ಟೆ. ಸಾಬರು ಮುಚ್ಚಳದ ಅಂಚಿಗೆ ಎಣ್ಣೆ ಸವರಿ ರಟ್ಟಿನ ಮೇಲೆ ಒತ್ತಿದರು. ಅಂಚಿನ ಗುರುತು ಮೂಡಿತು. ಅವರ ಕತ್ತರಿ ತಗಡು ಕತ್ತರಿಸುವಂಥದ್ದು. ನಾನು ಒಳಗೆ ಓಡಿ ಕಸೂತಿಯ ಸಣ್ಣ ಕತ್ತರಿ ತಂದೆ. ಕಾನ್ವೆಂಟಿನ ಹೊಲಿಗೆಯ ಸಿಸ್ಟರು ಕಲಿಸಿದ ಹಾಗೆಯೇ, ಗೆರೆಯನ್ನು ಉಳಿಸಿ ಗೆರೆಯ ಹೊರಗೆ ಕತ್ತರಿಸಿದೆ. ಮುಚ್ಚಳ ಉದ್ದ, ಹಾಗಾಗಿ ನಾಲ್ಕು ತುಂಡು. ಬೋಲ್ಟಿನ ತೂತುಗಳನ್ನು ಅಂಗಿಯ ಗುಂಡಿಮನೆ ಕತ್ತರಿಸಿದಂತೆ ತೆಗೆದೆ.

“ಮಾಶಾ ಅಲ್ಲಾ! ಬೇಟಿ, ನಿಮ್ಮಪ್ಪ ಮಂಡಿ ಮುಚ್ಚಲಿ, ನಾವಿಬ್ಬರೂ ಅಂಗಡಿ ಇಡೋಣ,” ಎಂದರು ಸಾಬರು. ಜಗಲಿಯಿಂದ ಅಜ್ಜಿ, “ಹೂಂ, ಗಂಡು ನೋಡೋಕ್ ಬಂದಾಗ ಹಾಡು ಹೇಳು ಅಂದ್ರೆ ಇದನ್ನೇ ತೋರಿಸು,” ಎಂದರು. ನಾನು ಉಬ್ಬಿಹೋದೆ. ಆ ಉಬ್ಬೇ ಮುಂದಿನದಕ್ಕೆಲ್ಲ ಕಾರಣ.

ಸಾಬರು ಪೋಸ್ಟ್‌ಕಾರ್ಡನ್ನು ಎರಡಾಗಿ ಮಡಿಸಿ ಪ್ರತಿ ಪ್ಲಗ್ಗಿನ ಬಾಯಿಗೆ ತೂರಿಸಿ, ಸಂದು ಸರಿ ಇದೆಯೇ ಎಂದು ನೋಡಿ ಬಿಗಿದರು. ಆರು ತಂತಿಗಳನ್ನು ಸಿಕ್ಕಿಸಿದರು. ರಟ್ಟಿಗೆ ಅರಗು ಬಳಿದು ಮುಚ್ಚಳ ಕೂರಿಸಿದರು. “ಬೆಳಗ್ಗೆ ತನಕ ಒಣಗಲಿ, ಯಾರೂ ಮುಟ್ಟಬಾರದು. ನಾನು ಶ್ರೀನಿವಾಸಪುರಕ್ಕೆ ಹೋಗ್ತೀನಿ, ತಂಗಿ ಮಗಳ ನಿಕಾಹ್. ನಾಡಿದ್ದು ಬರ್ತೀನಿ,” ಎಂದು ಸಂಜೆಯ ಹೊತ್ತಿಗೆ ಹೊರಟುಹೋದರು.

ನಾನು ಮುಚ್ಚಳವನ್ನು ಮುಟ್ಟಲಿಲ್ಲ. ನನ್ನ ಕಣ್ಣು ಬಿದ್ದದ್ದು ತಂತಿಗಳ ಮೇಲೆ. ಮುಂದುಗಡೆಯ ಗುಂಡಗಿನ ಕರಿ ಡಬ್ಬಿಯಿಂದ ಅವು ಪ್ಲಗ್ಗುಗಳಿಗೆ ಹೋಗುತ್ತಿದ್ದವು. ಆದರೆ ಎಷ್ಟು ಅಸ್ತವ್ಯಸ್ತ! ಮೊದಲನೆಯದು ಮೊದಲನೆಯ ಪ್ಲಗ್ಗಿಗೆ ಸರಿ. ಪಕ್ಕದ್ದು ಎಲ್ಲವನ್ನೂ ದಾಟಿ ಐದನೆಯದಕ್ಕೆ ಹೋಗಿತ್ತು. ಒಂದರ ಮೇಲೊಂದು ಹೆಣೆದುಕೊಂಡು ಬಾಚದ ತಲೆಯಂತಿತ್ತು. ಹಾಸ್ಟೆಲ್ಲಿನಲ್ಲಿ ನನ್ನ ಪೆಟ್ಟಿಗೆಗೆ ಅಚ್ಚುಕಟ್ಟಿನ ಬಹುಮಾನ ಬಂದಿತ್ತು. ಪಾಪ, ಸಾಬರಿಗೆ ಅವಸರವಿತ್ತು ಅಂದುಕೊಂಡು, ಎಲ್ಲ ಕಿತ್ತು, ಡಬ್ಬಿಯ ಸುತ್ತ ಇದ್ದ ಸಾಲಿನಲ್ಲೇ ಒಂದು, ಎರಡು, ಮೂರು ಎಂದು ಸಿಕ್ಕಿಸಿದೆ. ಬಾನೆಟ್ಟು ಇಳಿಸಿ ಕೈ ತೊಳೆದುಕೊಂಡು ಊಟಕ್ಕೆ ಹೋದೆ.

ಬೆಳಗ್ಗೆ ಅಣ್ಣ ಹ್ಯಾಂಡಲ್ ತಿರುಗಿಸಿದರು. ಢಂ! ಎಂದು ಹೊಗೆಕೊಳವೆಯಿಂದ ಸದ್ದು ಸಿಡಿಯಿತು. ಹೊಂಗೆಮರದ ಕಾಗೆಗಳೆಲ್ಲ ಎದ್ದವು. ಮತ್ತೆ ತಿರುಗಿಸಿದರು. ಮತ್ತೆ ಢಂ. ಹತ್ತು ಸಲ, ಹದಿನೈದು ಸಲ. ಅಣ್ಣನ ಜುಬ್ಬ ಬೆನ್ನಿಗೆ ಅಂಟಿತು.

“ಸಾಕು ಬಿಡೋ,” ಎಂದರು ಹಿಂದಿನ ಸೀಟಿನಲ್ಲಿದ್ದ ಅಜ್ಜಿ. “ಎಂಟು ಸೂಜಿ ಆಯ್ತಲ್ಲ. ಆ ನಾಯಿಗೆ ನನ್ನ ಮೇಲೆ ಎಂಟಕ್ಕಿಂತ ಜಾಸ್ತಿ ದ್ವೇಷ ಇರ್ಲಿಲ್ಲ.”

ಬಾಯಿ ಹಾಗೆ ಹೇಳುತ್ತಿತ್ತು. ಆದರೆ ಅಜ್ಜಿ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಮುಚ್ಚಳ ತೆಗೆದು, ಒಳಗೆ ದಿಟ್ಟಿಸಿ ನೋಡಿದರು. ಆಮೇಲೆ ಒಂದು ಗುಟುಕು ಕುಡಿದು, ಕಣ್ಣುಮುಚ್ಚಿ, ಅದು ಗಂಟಲಲ್ಲಿ ಇಳಿಯುವವರೆಗೂ ಕಾದರು. ಹುಚ್ಚುನಾಯಿ ಕಚ್ಚಿದವರಿಗೆ ನೀರು ಕಂಡರೆ ಆಗದು ಎಂದು ಊರವರು ಆಡುತ್ತಿದ್ದ ಮಾತು ನನಗೂ ಗೊತ್ತಿತ್ತು. ಅಜ್ಜಿ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ನಾನು ಅಣ್ಣನ ಹತ್ತಿರ ಓಡಿದೆ.

“ಅಣ್ಣಾ, ನಾನು ತಂತಿ ಮುಟ್ಟಿದೆ,” ಎಂದೆ. “ಗಲೀಜಾಗಿತ್ತು... ಸಾಲಾಗಿ ಹಾಕಿದೆ.”

ಅಣ್ಣ ಹ್ಯಾಂಡಲ್ ಹಿಡಿದುಕೊಂಡೇ ನಿಂತರು. ಏಟು ಬೀಳುತ್ತದೆ ಎಂದುಕೊಂಡೆ. ಅವರು ಗಡಿಯಾರ ನೋಡಿಕೊಂಡರು. ಏಳೂಮುಕ್ಕಾಲು. “ಮೊದಲು ಹೇಗಿತ್ತು?” ಎಂದರು.

“ಜ್ಞಾಪಕ ಇಲ್ಲ.”

“ಬಿಚ್ಚಿದ್ದು ನೀನಲ್ವಾ? ಬಾ, ಅಳ್ಬೇಡ. ಸರಿಯಾಗಿ ನೋಡು.”

ಬಾನೆಟ್ಟಿನ ಮೇಲೆ ಬಗ್ಗಿ ನೋಡಿದೆ. ಕಣ್ಣೀರು ಒರೆಸಿಕೊಂಡಾಗ ಕಂಡಿತು. ನನ್ನ ಅಚ್ಚುಕಟ್ಟಿನ ಸಾಲಿನಲ್ಲಿ ಎರಡು ತಂತಿಗಳು ಬಿಗಿಯಾಗಿ ಎಳೆದುಕೊಂಡಿದ್ದವು, ಐದನೆಯದು ಮತ್ತು ಆರನೆಯದು. ಎರಡನೆಯದೂ ನಾಲ್ಕನೆಯದೂ ಅಗತ್ಯಕ್ಕಿಂತ ಉದ್ದವಾಗಿ ಜೋತುಬಿದ್ದಿದ್ದವು. ಒಂದನೆಯದು, ಮೂರನೆಯದು ಮಾತ್ರ ಅಳತೆ ತೆಗೆದು ಹೊಲಿದ ಹಾಗಿದ್ದವು. ಯಾವ ದರ್ಜಿಯೂ ಗಿಡ್ಡ ತೋಳಿಗೆ ಉದ್ದದ ಬಟ್ಟೆ ಕತ್ತರಿಸುವುದಿಲ್ಲ. ಇವು ಬೇರೆಯವರ ಅಳತೆಯ ಬಟ್ಟೆ ತೊಟ್ಟಿವೆ!

“ಅಣ್ಣಾ, ಎರಡಕ್ಕೂ ಐದಕ್ಕೂ ಅದಲುಬದಲು. ನಾಲ್ಕಕ್ಕೂ ಆರಕ್ಕೂ.”

ಅಣ್ಣ ಬದಲಿಸಿದರು. ತಂತಿಗಳು ಮತ್ತೆ ಒಂದರ ಮೇಲೊಂದು ಹತ್ತಿ ಗಲೀಜಾದವು. ಆದರೆ ಒಂದೊಂದೂ ತನ್ನ ಹಳೆಯ ಬಳುಕಿಗೆ ತಾನೇ ಮಲಗಿತು. ಅಣ್ಣ ಹ್ಯಾಂಡಲ್ ತಿರುಗಿಸಿದರು. ಒಂದು ಸಲ, ಏನೂ ಇಲ್ಲ. ಎರಡನೆಯ ಸಲ, ಇಂಜಿನ್ನು ಗಂಟಲು ಸರಿಮಾಡಿಕೊಂಡು, ಗುರ್ರೆಂದು, ಆಮೇಲೆ ಒಂದೇ ಸಮನೆ ನುಣ್ಣಗೆ ತಿರುಗಿತು. ಮುಚ್ಚಳದ ಅಂಚಿನಲ್ಲಿ ಬೆರಳಾಡಿಸಿ ನೋಡಿದೆ. ಹನಿ ಎಣ್ಣೆ ಇಲ್ಲ.

“ತಲೆ ಬಾಚೋ ಹಾಗೆ ಕಾರಿಗೂ ಬಾಚಿದಾಳಲ್ಲೋ ನಿನ್ನ ಮಗಳು!” ಎಂದು ಅಜ್ಜಿ ಜೋರಾಗಿ ನಕ್ಕರು. ನಗುವಾಗಲೇ ಸೆರಗಿನಿಂದ ಕಣ್ಣು ಒತ್ತಿಕೊಂಡದ್ದನ್ನು ಅಣ್ಣ ನೋಡಲಿಲ್ಲ, ನಾನು ನೋಡಿದೆ. “ಅದೇನ್ ನಿಂತಿದೀಯಾ, ಕಾರು ಹತ್ತೇ! ಡಾಕ್ಟ್ರು ಗೋಣಿಸೂಜಿ ಹಿಡ್ಕೊಂಡು ಕಾಯ್ತಿರ್ತಾನೆ.”

ಒಂಬತ್ತು ಗಂಟೆ ದಾಟುತ್ತಿದ್ದಂತೆ ಆಸ್ಪತ್ರೆ ಸೇರಿದೆವು. ಒಂಬತ್ತನೆಯ ಸೂಜಿ ಬಿತ್ತು. ಹಿಂದಿರುಗುವಾಗ ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ದಾರಿಯುದ್ದಕ್ಕೂ ನಿದ್ದೆ ಮಾಡಿದೆನಂತೆ. ಮದುವೆಯಿಂದ ಬಂದ ಸಾಬರು, ಪ್ಲಗ್ಗುಗಳು ಕಿಡಿ ಹಾರಿಸುವುದು ನಿಂತ ಸಾಲಿನಲ್ಲಲ್ಲ, ಒಂದಾದ ಮೇಲೆ ಐದು ಎಂಬಂಥ ತಮ್ಮದೇ ಸರದಿಯಲ್ಲಿ ಎಂದು ತಿಳಿಸಿದರು. ಉಳಿದ ಐದು ಸೂಜಿಗಳೂ ಒಂದು ದಿನ ತಪ್ಪದೆ ಆದವು. ಅಜ್ಜಿ ಆಮೇಲೆ ನನ್ನ ಮದುವೆ ನೋಡಿದರು, ನನ್ನ ಮೊದಲ ಮಗುವಿಗೆ ಎಣ್ಣೆನೀರು ಹಾಕಿದರು, ತೀರ ವಯಸ್ಸಾಗಿ ನಿದ್ದೆಯಲ್ಲೇ ಹೋದರು.

ಮೊನ್ನೆ ನಮ್ಮ ಮನೆಯ ಕಾರು ದಾರಿಯಲ್ಲಿ ಕೆಟ್ಟು ನಿಂತಾಗ ಬಾನೆಟ್ಟು ಎತ್ತಿಸಿ ನೋಡಿದೆ. ಎಲ್ಲಕ್ಕೂ ಕರಿಯ ಪ್ಲಾಸ್ಟಿಕ್ಕಿನ ಹೊದಿಕೆ. ಅಚ್ಚುಕಟ್ಟು ಅಂದರೆ ಅದೇ. ಒಂದು ತಂತಿಯೂ ಕಾಣದು. “ನೀವು ಒಳಗೆ ಕೂತ್ಕೊಳಿ ಅಮ್ಮ, ಕಂಪನಿಯವರು ಬರ್ತಾರೆ,” ಎಂದ ಡ್ರೈವರು. ಕೂತುಕೊಂಡೆ. ಈಗ ಎಲ್ಲ ಕಡೆಯೂ ನನಗೆ ಹೇಳುವುದು ಅದನ್ನೇ. ಯಜಮಾನರ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಇಪ್ಪತ್ತು ದಿನ ಹಾಗೆಯೇ ಕೂತಿದ್ದೆ. ಎಲ್ಲರೂ ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಬಾ, ಅಳಬೇಡ, ನೀನೇ ನೋಡು ಎಂದು ಹತ್ತಿರ ಕರೆದು ತೋರಿಸುವವರು ಯಾರೂ ಇರಲಿಲ್ಲ.